ಕಾಯಿ ಒಣಗಿದೆ, ಕಾಂಡ ಹಸಿರಿದೆ: ಸೋಯಾ ಕೊಯ್ಯಬೇಕೆ, ಕಾಯಬೇಕೆ?

ಪ್ರಶ್ನೆ: ನಮ್ಮದು ಸೋಲಾಪುರ ಜಿಲ್ಲೆಯ ಅಕ್ಕಲಕೋಟ ತಾಲ್ಲೂಕು, ನಾಲ್ಕು ಎಕರೆ ಎರೆ ಹೊಲ. ಜೂನ್ 24ಕ್ಕೆ ಫುಲೆ ಸಂಗಮ ತಳಿಯ ಸೋಯಾ ಬಿತ್ತಿದ್ದೆವು. ಹೂವು ಮಿಡಿಯಾಗುವ ಹೊತ್ತಿಗೆ ಮಘಿ ಮಳೆ ಕೈಕೊಟ್ಟಿತು, ಇಪ್ಪತ್ತು ದಿನ ಹನಿ ಬೀಳಲಿಲ್ಲ. ಆಮೇಲೆ ಹುಬ್ಬಿ, ಉತ್ತರಿ ಎರಡೂ ಸುರಿದವು. ಬುರಶಿನಾಶಕ (ಶಿಲೀಂಧ್ರನಾಶಕ) ಎರಡು ಸಲ ಹೊಡೆದಿದ್ದೇವೆ, ಎರಡನೆಯದು ಕಾಯಿ ತುಂಬುವಾಗ. ಈಗ 110 ದಿನ. ಕಾಯಿ ಒಣಗಿ ಕಂದಾಗಿದೆ. ಆದರೆ ಹೊಲದ ಮೂರರಲ್ಲಿ ಒಂದು ಪಾಲು ಕಾಂಡ ಹಸಿರಾಗೇ ಇದೆ, ಎಲೆಯೂ ಪೂರ್ತಿ ಉದುರಿಲ್ಲ. ದಿಬ್ಬದ ಕಡೆಯ ಗಿಡಗಳು ಹದಿನೈದು ದಿನ ಮೊದಲೇ ಒಣಗಿ ನಿಂತಿವೆ, ಕಾಯಿ ಮೇಲೆ ಕರಿ ಚುಕ್ಕೆ ಬಂದಿದೆ. ಎಲ್ಲ ಬುರಶಿ ರೋಗವೇ, ಇನ್ನೊಂದು ಸಲ ಹೊಡೆ ಅಂತ ಪಕ್ಕದ ಹೊಲದವರು ಹೇಳುತ್ತಾರೆ. ರಾಶಿ ಮಷಿನ್‌ನವರು ಹಸಿ ಕಡ್ಡಿ ಸುತ್ತಿಕೊಳ್ಳುತ್ತದೆ, ಒಣಗಿಸಿ ಕರೆಯಿರಿ ಅಂದಿದ್ದಾರೆ. ಹುಲ್ಲು ಸುಡುವ ಔಷಧ ಹೊಡೆದು ಒಣಗಿಸಬಹುದೆ?

ಉತ್ತರ: ಇನ್ನು ಏನನ್ನೂ ಹೊಡೆಯಬೇಡಿ. ಬುರಶಿನಾಶಕವೂ ಬೇಡ, ಹುಲ್ಲು ಸುಡುವ ಔಷಧವಂತೂ ಬೇಡವೇ ಬೇಡ. ಕಾಯಿ ಮಾಗಿದ್ದರೆ ಕಾಂಡದ ಬಣ್ಣ ನೋಡುತ್ತ ಕೂರದೆ ಕೊಯ್ಲು ಶುರುಮಾಡಿ. ಹಸಿ ಕಾಂಡ ಒಣಗಲೆಂದು ಎರಡು ವಾರ ಕಾದರೆ ಕಾಂಡ ಒಣಗುವುದರೊಳಗೆ ಕಾಯಿ ಸಿಡಿಯುತ್ತದೆ. ಚಿತ್ತಿ ಮಳೆ ಬಂದರೆ ಕಾಳು ಕಾಯೊಳಗೇ ಮೊಳೆಯುತ್ತದೆ.

ನಿಮ್ಮ ಹೊಲದಲ್ಲಿ ಆಗಿರುವುದು ಎರಡು ಬೇರೆ ಬೇರೆ ತೊಂದರೆ. ದಿಬ್ಬದ ಮೇಲೆ ಅವಧಿಗೆ ಮುಂಚೆ ಒಣಗಿದ ಗಿಡಗಳಿಗೆ ಬಹುಮಟ್ಟಿಗೆ ಶಿಲೀಂಧ್ರ, ಅಂದರೆ ನೀವು ಹೇಳುವ ಬುರಶಿ, ಕಾರಣ. ಹಸಿರಾಗಿ ನಿಂತ ಗಿಡಗಳ ಕಥೆ ಅದಕ್ಕೆ ತದ್ವಿರುದ್ಧ. ಇದ್ದಿಲು ಕೊಳೆ ಇರಲಿ, ಕಾಯಿ ಸುಡುವ ಚಿಬ್ಬು ರೋಗ ಇರಲಿ, ತುಕ್ಕು ಇರಲಿ, ಸೋಯಾಕ್ಕೆ ಬರುವ ದೊಡ್ಡ ಶಿಲೀಂಧ್ರ ರೋಗಗಳೆಲ್ಲ ಎಲೆ ಒಣಗಿಸಿ ಇಲ್ಲವೆ ಉದುರಿಸಿ ಗಿಡವನ್ನು ಬೇಗ ಮುದಿಯಾಗಿಸುತ್ತವೆ. ಹಸಿರು ಉಳಿದಿದೆ ಎಂದರೆ ಗಿಡಕ್ಕೆ ಶಕ್ತಿ ಇದೆ, ಆ ಶಕ್ತಿಯನ್ನು ಇಳಿಸಲು ಸಾಕಷ್ಟು ಕಾಯಿ ಇಲ್ಲ.

ಇದು ಹೇಗೆಂದು ಸ್ವಲ್ಪ ವಿವರವಾಗಿ ತಿಳಿದರೆ ಮುಂದಿನ ವರ್ಷಕ್ಕೂ ಉಪಯೋಗ. ಸೋಯಾ ಗಿಡ ಎಲೆಯಲ್ಲಿ ತಯಾರಿಸಿದ ಸಕ್ಕರೆಯನ್ನೂ, ಬೇರುಗಂಟಿನಿಂದ ಬಂದ ಸಾರಜನಕವನ್ನೂ ಕಾಳಿಗೆ ಕಳಿಸುತ್ತದೆ. ಕಾಳು ತುಂಬುವ ಹೊತ್ತಿಗೆ ಹೊಸದಾಗಿ ತಯಾರಾಗುವುದು ಸಾಲದೆ ಎಲೆ ಮತ್ತು ಕಾಂಡದಲ್ಲಿ ಕೂಡಿಟ್ಟ ಸಾರಜನಕವನ್ನೂ ಕಾಳೇ ಎಳೆದುಕೊಳ್ಳುತ್ತದೆ. ಎಲೆ ಹಳದಿಯಾಗಿ ಉದುರುವುದು, ಕಾಂಡ ಒಣಗುವುದು ಈ ಎಳೆತದ ಫಲ. ಕಾಳು ಕಡಿಮೆಯಿದ್ದರೆ ಎಳೆತವೂ ಕಡಿಮೆ. ಉಳಿದ ಸಾರ ಕಾಂಡದಲ್ಲೇ ನಿಂತು ಗಿಡ ಬದುಕಿರುತ್ತದೆ. ಒಂದು ಗಿಡದ ಅರ್ಧದಷ್ಟು ಮಿಡಿಗಳನ್ನು ಕೈಯಿಂದ ಕಿತ್ತುಬಿಟ್ಟರೆ ಆ ಗಿಡ ಪಕ್ಕದ್ದಕ್ಕಿಂತ ತಡವಾಗಿ ಒಣಗುವುದನ್ನು ಯಾರು ಬೇಕಾದರೂ ನೋಡಬಹುದು. ಜಪಾನಿನಲ್ಲಿ ಈ ತೊಂದರೆ ಎಷ್ಟು ಸಾಮಾನ್ಯವೆಂದರೆ ಅಲ್ಲಿನ ರೈತರು ಇದಕ್ಕೆ ‘ಆವೊದಾಚಿ’, ಅಂದರೆ ಹಸಿರಾಗಿ ನಿಂತದ್ದು, ಎಂಬ ಹೆಸರನ್ನೇ ಕೊಟ್ಟಿದ್ದಾರೆ. ಹೂವು ಮಿಡಿಯ ಹೊತ್ತಿನ ಬರ ಮತ್ತು ಕಾಯಿ ಹೀರುವ ತಿಗಣೆ, ಇವೆರಡನ್ನೇ ಅಲ್ಲಿ ಮುಖ್ಯ ಕಾರಣವೆಂದು ನೋಡುತ್ತಾರೆ.

ನಿಮ್ಮ ಹೊಲದಲ್ಲೂ ಇದೇ ಲೆಕ್ಕ ಕೂಡುತ್ತದೆ. ಮಘಿಯಲ್ಲಿ ಇಪ್ಪತ್ತು ದಿನ ನೀರಿಲ್ಲದೆ ಹೂವು, ಮಿಡಿ ಉದುರಿದವು. ಸೋಯಾ ಒಳ್ಳೆಯ ವರ್ಷದಲ್ಲೂ ಬಿಟ್ಟ ಹೂವಿನಲ್ಲಿ ಬಹುಪಾಲನ್ನು ಉದುರಿಸುವ ಬೆಳೆ, ಬರ ಬಂದರೆ ಉಳಿದದ್ದೂ ಹೋಗುತ್ತದೆ. ಆಮೇಲೆ ಹುಬ್ಬಿ, ಉತ್ತರಿ ಸುರಿದು ಬೇರಿಗೆ ಹಸಿ ಸಿಕ್ಕಿತು, ಎಲೆ ಚಿಗುರಿತು. ಆದರೆ ಹೊಸ ಕಾಯಿ ಕಟ್ಟುವ ಕಾಲ ಆಗಲೇ ಮುಗಿದಿತ್ತು. ಜೊತೆಗೆ ಫುಲೆ ಸಂಗಮ ಜೆಎಸ್ 335ಕ್ಕಿಂತ ತಡವಾಗಿ ಮಾಗುವ ತಳಿ. ಅಕ್ಕಪಕ್ಕದ ಹೊಲದ ಜೆಎಸ್ 335 ಒಣಗಿದ್ದನ್ನು ನೋಡಿ ಗಾಬರಿಯಾಗಬೇಡಿ.

ಎರಡನೇ ಸಲ ಹೊಡೆದ ಔಷಧದ ಪಾಲೂ ಇದರಲ್ಲಿ ಇರಬಹುದು. ಅದು ಯಾವುದೆಂದು ನೀವು ಬರೆದಿಲ್ಲ, ಡಬ್ಬಿ ತೆಗೆದು ಹೆಸರು ಓದಿ. ಅಝಾಕ್ಸಿಸ್ಟ್ರೋಬಿನ್, ಪೈರಾಕ್ಲೋಸ್ಟ್ರೋಬಿನ್, ಪಿಕಾಕ್ಸಿಸ್ಟ್ರೋಬಿನ್, ಟ್ರೈಫ್ಲಾಕ್ಸಿಸ್ಟ್ರೋಬಿನ್ ಹೀಗೆ ‘ಸ್ಟ್ರೋಬಿನ್’ ಎಂದು ಮುಗಿಯುವ ಔಷಧಗಳು ಶಿಲೀಂಧ್ರದ ಉಸಿರಾಟ ನಿಲ್ಲಿಸುವುದರ ಜೊತೆಗೆ ಗಿಡದೊಳಗೆ ಎಥಿಲೀನ್ ಹುಟ್ಟುವುದನ್ನೂ ತಗ್ಗಿಸುತ್ತವೆ. ಎಲೆ ಮುದಿಯಾಗಲು ಬೇಕಾದ ಅನಿಲವೇ ಎಥಿಲೀನ್. ಅದು ಕಡಿಮೆಯಾದಾಗ ಎಲೆ ಇನ್ನಷ್ಟು ದಿನ ಹಸಿರು. ಅಂಗಡಿಯಲ್ಲಿ ‘ಬೆಳೆ ಹಚ್ಚಗೆ ನಿಲ್ಲುತ್ತದೆ’ ಎಂದು ಹೊಗಳಿ ಮಾರುವುದು ಇದೇ ಗುಣವನ್ನು. ಮಿಡಿ ಕಟ್ಟುವಾಗ ಈ ಗುಣ ಒಳ್ಳೆಯದು. ಕಾಳು ತುಂಬಿದ ಮೇಲೆ, ಅದೂ ಕಾಯಿ ಕಡಿಮೆಯಿರುವ ಬೆಳೆಗೆ ಹೊಡೆದರೆ ಹಸಿರು ಕಾಂಡಕ್ಕೆ ಅದೂ ಕೈಜೋಡಿಸುತ್ತದೆ. ಈಗ ಮೂರನೇ ಸಲ ಹೊಡೆದರೆ ಕಾಯಿಯ ಮೇಲಿನ ಚುಕ್ಕೆ ಅಳಿಯುವುದಿಲ್ಲ, ಕಾಳಿನ ತೂಕ ಒಂದು ಗುಂಜಿಯೂ ಏರುವುದಿಲ್ಲ. ಮುಖ್ಯ ಕಾಂಡದಲ್ಲಿ ಒಂದು ಕಾಯಿ ಮಾಗಿದ ಬಣ್ಣಕ್ಕೆ ತಿರುಗಿತೆಂದರೆ ಆ ಬೆಳೆಗೆ ಬುರಶಿನಾಶಕದ ಕೆಲಸ ಮುಗಿಯಿತು.

ಇಷ್ಟನ್ನೂ ನನ್ನ ಮಾತಿನ ಮೇಲೆ ನಂಬಬೇಕಾಗಿಲ್ಲ. ಒಂದು ಕುಡುಗೋಲು, ಒಂದು ಚಾಕು, ಸಿಕ್ಕರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಬೂದುಗಾಜು ತೆಗೆದುಕೊಂಡು ಹೊಲಕ್ಕೆ ಹೋಗಿ. ಹಸಿರು ಮತ್ತು ಒಣಗಿದ ಗಿಡ ಅಕ್ಕಪಕ್ಕ ಇರುವ ಕಡೆ ಹತ್ತು ಹಸಿರು, ಹತ್ತು ಸರಿಯಾಗಿ ಒಣಗಿದ ಗಿಡ ಕೊಯ್ದು ಕಾಯಿ ಎಣಿಸಿ. ದಿಬ್ಬದ ರೋಗದ ಗಿಡಗಳನ್ನು ಈ ಎಣಿಕೆಗೆ ಸೇರಿಸಬೇಡಿ. ಹಸಿರು ಗಿಡಗಳಲ್ಲಿ ಕಾಯಿ ಅರ್ಧದಷ್ಟೇ ಇದ್ದರೆ ಕಾಯಿ ಕೊರತೆಯೇ ಕಾರಣ ಎಂಬುದು ಖಚಿತ.

ಕಾಯಿ ಎಣಿಕೆ ಎರಡರಲ್ಲೂ ಸಮ ಬಂದರೆ ಕಾಯಿ ಬಿಡಿಸಿ ಕಾಳು ನೋಡಿ. ಹೊರಗೆ ಕಾಯಿ, ಒಳಗೆ ಚಪ್ಪಟೆ. ಇಲ್ಲವೆ ಕಾಳು ಸುಕ್ಕುಗಟ್ಟಿ ಅದರ ಮೇಲೆ ಸೂಜಿ ಚುಚ್ಚಿದಂಥ ಗುರುತು ಇದ್ದರೆ ಅದು ಹಸಿರು ತಿಗಣೆಯ ಕೆಲಸ. ಎಲೆಯಲ್ಲಿ ಅಚ್ಚ ಹಳದಿ ತೇಪೆಗಳಿದ್ದು ಗಿಡ ಗಿಡ್ಡವಾಗಿದ್ದರೆ ಹಳದಿ ನಂಜು ರೋಗ. ಬಿಳಿನೊಣ ಹರಡುವ ಈ ನಂಜು ತಗುಲಿದ ಗಿಡದಲ್ಲಿ ಕಾಯಿ ನಿಲ್ಲುವುದಿಲ್ಲ, ಹಾಗಾಗಿ ಅದೂ ಕೊನೆಯವರೆಗೆ ಹಸಿರು ಹಳದಿಯಾಗಿ ನಿಲ್ಲುತ್ತದೆ. ಇವೆರಡೂ ಅಲ್ಲದೆ ಹಸಿರು ಗಿಡಗಳು ಹೊಲದ ತುಂಬ ಅಲ್ಲೊಂದು ಇಲ್ಲೊಂದು ಚದುರಿದ್ದು, ಕಾಯಿಯ ಮೇಲಿನ ರೋಮ ಅಥವಾ ಬಣ್ಣ ಬೇರೆಯಾಗಿದ್ದರೆ ಬೀಜದಲ್ಲೇ ಬೇರೆ ತಳಿ ಕಲೆತಿದೆ. ಮನೆಯ ಬೀಜ ನಾಲ್ಕಾರು ವರ್ಷ ತಿರುಗಿಸಿ ಬಿತ್ತುವವರ ಹೊಲದಲ್ಲಿ ಇದು ತೀರಾ ಸಾಮಾನ್ಯ, ಆದರೂ ಯಾರೂ ಇದನ್ನು ಮೊದಲು ಶಂಕಿಸುವುದಿಲ್ಲ.

ಈಗ ದಿಬ್ಬದ ಗಿಡ. ಒಂದನ್ನು ಬೇರುಸಹಿತ ಕಿತ್ತು ನೆಲಮಟ್ಟದ ಕಾಂಡದ ಸಿಪ್ಪೆಯನ್ನು ಉಗುರಿನಿಂದ ಕೆರೆಯಿರಿ. ಒಳಗೆ ಬೂದು ಬಣ್ಣವಾಗಿ, ಇದ್ದಿಲ ಪುಡಿ ಉದುರಿಸಿದಂತೆ ಸಣ್ಣ ಕರಿ ಕಣಗಳಿದ್ದರೆ ಅದು ಇದ್ದಿಲು ಕೊಳೆ. ಇದನ್ನು ತರುವ ಮ್ಯಾಕ್ರೊಫೊಮಿನಾ ಶಿಲೀಂಧ್ರ ಮಣ್ಣಿನಲ್ಲೇ ಇರುತ್ತದೆ. ಆ ಕರಿ ಕಣಗಳೇ ಅದರ ಬೀಜ, ಒಣ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತವೆ. ಹಸಿ ಕಡಿಮೆಯಾಗಿ ನೆಲ ಕಾದಾಗ, ಅದರಲ್ಲೂ ಕಾಳು ತುಂಬುವಾಗ ಬರ ಬಿದ್ದರೆ ಬೇರಿನ ನೀರಿನ ನಾಳಗಳನ್ನು ಕಟ್ಟಿ ಗಿಡವನ್ನು ಒಣಗಿಸುತ್ತದೆ. ದಿಬ್ಬದ ತೆಳು ಮಣ್ಣಿನಲ್ಲೇ ಮೊದಲು ಕಾಣಿಸಿದ್ದಕ್ಕೆ ಕಾರಣ ಇದು. ನಿಂತ ಬೆಳೆಗೆ ಮೇಲಿನಿಂದ ಏನು ಹೊಡೆದರೂ ಬೇರಿನಲ್ಲಿರುವ ಇದಕ್ಕೆ ತಾಗುವುದಿಲ್ಲ.

ಕಾಯಿಯ ಮೇಲಿನ ಕರಿ ಚುಕ್ಕೆ ಬೇರೆ ಶಿಲೀಂಧ್ರಗಳದ್ದು. ಚುಕ್ಕೆಗಳು ಅಡ್ಡಾದಿಡ್ಡಿಯಾಗಿ ಚದುರಿ, ಬೂದುಗಾಜಿನಲ್ಲಿ ನೋಡಿದಾಗ ಅವುಗಳಿಂದ ಕರಿ ಕೂದಲು ಎದ್ದಂತೆ ಕಂಡರೆ ಕೊಲೆಟೊಟ್ರೈಕಮ್, ಅಂದರೆ ಚಿಬ್ಬು ರೋಗ. ಕಾಂಡದ ಮೇಲೆ ಗೆರೆ ಎಳೆದು ಚುಕ್ಕೆಯಿಟ್ಟಂತೆ ಸಾಲಾಗಿದ್ದರೆ ಡಯಾಪೋರ್ತೆ ತರುವ ಕಾಂಡ ಮತ್ತು ಕಾಯಿ ಸುಡು ರೋಗ. ಎರಡೂ ಉತ್ತರಿಯಂಥ ಬಿಡದ ಮಳೆಯಲ್ಲಿ ಏಳುತ್ತವೆ, ಎರಡೂ ಬೀಜದ ಮೂಲಕ ಮುಂದಿನ ವರ್ಷಕ್ಕೆ ದಾಟುತ್ತವೆ. ಡಯಾಪೋರ್ತೆಗೆ ಒಂದು ಕೆಟ್ಟ ಗುಣ ಹೆಚ್ಚು: ಮಾಗಿದ ಕಾಯಿ ಮಳೆಯಲ್ಲಿ ನಿಂತಷ್ಟೂ ದಿನ ಕಾಯಿಯಿಂದ ಕಾಳಿಗೆ ಇಳಿಯುತ್ತ ಹೋಗುತ್ತದೆ. ಕಾಂಡ ಒಣಗಲೆಂದು ಕಾಯಬೇಡಿ ಎಂದು ಮೊದಲೇ ಹೇಳಿದ್ದು ಈ ಕಾರಣಕ್ಕೂ.

ತುಕ್ಕು ರೋಗವನ್ನೂ ಹೇಳಿಬಿಡುತ್ತೇನೆ. ಎಲೆಯ ಅಡಿಯಲ್ಲಿ ಕಂದು ಗುಳ್ಳೆ, ಒರೆಸಿದರೆ ಬೆರಳಿಗೆ ಪುಡಿ. ಸಾಂಗ್ಲಿ, ಕೊಲ್ಹಾಪುರದ ಕೃಷ್ಣಾ ತೀರಕ್ಕೆ ಇದು ದೊಡ್ಡ ಪಿಡುಗು. ಸಾಂಗ್ಲಿ ಬಳಿಯ ಕಸಬೆ ಡಿಗ್ರಜ ಸಂಶೋಧನಾ ಕೇಂದ್ರದಿಂದ ಬಂದ ನಿಮ್ಮ ಫುಲೆ ಸಂಗಮ, ಅಂದರೆ ಕೆಡಿಎಸ್ 726, ಇದನ್ನು ತಡೆದುಕೊಳ್ಳುತ್ತದೆ. ನೀವು ಬರೆದ ಲಕ್ಷಣಗಳಲ್ಲಿ ತುಕ್ಕು ಇಲ್ಲ.

ಕೊಯ್ಲಿಗೆ ಬರೋಣ. ಶೇ. 95ರಷ್ಟು ಕಾಯಿ ಮಾಗಿದ ಬಣ್ಣಕ್ಕೆ ಬಂದಿರಬೇಕು. ಅಲ್ಲಿಂದ ಐದರಿಂದ ಹತ್ತು ದಿನ ಒಣ ಬಿಸಿಲು ಸಿಕ್ಕರೆ ಕಾಳಿನ ತೇವ ಶೇ. 15ಕ್ಕಿಂತ ಕೆಳಗಿಳಿಯುತ್ತದೆ. ಗಿಡ ಅಲ್ಲಾಡಿಸಿದರೆ ಕಾಳು ಗಲಗಲ ಅನ್ನಬೇಕು, ಕಾಳಿಗೆ ಉಗುರು ಒತ್ತಿದರೆ ಗುರುತು ಮೂಡಬಾರದು. ಈ ಪರೀಕ್ಷೆಯನ್ನು ಹಸಿರು ಕಾಂಡದ ಗಿಡದಲ್ಲೂ ಮಾಡಿ. ಬಹಳ ಸಲ ಕಾಂಡ ಹಸಿರಿದ್ದರೂ ಕಾಳು ಪಕ್ಕದ ಒಣ ಗಿಡದಷ್ಟೇ ಒಣಗಿರುತ್ತದೆ.

ದಿಬ್ಬದ ಗಿಡಗಳನ್ನು ಮೊದಲು ಕೊಯ್ದು ಬೇರೆ ಹಾಕಿ, ಅವನ್ನು ಉಳಿದ ರಾಶಿಗೆ ಕಲೆಸಬೇಡಿ. ಆಮೇಲೆ ಸರಿಯಾಗಿ ಒಣಗಿದ ಭಾಗ, ಕೊನೆಗೆ ಹಸಿರು ಭಾಗ. ಬೆಳಗಿನ ತಂಪಿನಲ್ಲಿ, ಹೊತ್ತು ಏರಿ ಕಾಯಿ ಸಿಡಿಯಲು ಶುರುವಾಗುವವರೆಗೆ ಕೊಯ್ಯಿರಿ. ಬೇರು ಸಮೇತ ಕೀಳಬೇಡಿ. ಕಿತ್ತರೆ ಎರೆ ಮಣ್ಣಿನ ಹೆಂಟೆ ರಾಶಿಗೆ ಬರುತ್ತದೆ, ಬೇರುಗಂಟಿನ ಸಾರಜನಕ ಹೊಲ ಬಿಟ್ಟು ಹೋಗುತ್ತದೆ. ಕಿತ್ತು ಹಾಕಬೇಕಾದದ್ದು ಇದ್ದಿಲು ಕೊಳೆಯ ಗಿಡಗಳನ್ನು ಮಾತ್ರ.

ಇಲ್ಲಿ ಹೆಚ್ಚಿನವರು ತಪ್ಪುವ ಕಡೆ ಒಂದಿದೆ. ಹಸಿ ಕಾಂಡದ ಸೋಯಾವನ್ನು ಕೊಯ್ದ ದಿನವೇ ಬಣವೆ ಒಟ್ಟುತ್ತಾರೆ. ಕಾಂಡದ ತೇವ ಬಣವೆಯೊಳಗೆ ಉಗಿಯಾಗಿ ಒಣಗಿದ್ದ ಕಾಳಿಗೆ ಸೇರುತ್ತದೆ, ಎರಡು ದಿನಕ್ಕೆ ಒಳಗೆ ಕೈ ಹಾಕಿದರೆ ಬಿಸಿ, ನಾಲ್ಕು ದಿನಕ್ಕೆ ಬೂಸು. ಹಸಿರು ಭಾಗವನ್ನು ಹೊಲದಲ್ಲೇ ತೆಳುವಾಗಿ ಸಾಲು ಹಾಸಿ, ಮೂರು ನಾಲ್ಕು ದಿನ ಬಿಸಿಲಿಗೆ ಬಿಡಿ, ನಡುವೆ ಒಂದು ಸಲ ಮೆಲ್ಲಗೆ ಮಗುಚಿ. ಮೋಡ ಕಟ್ಟಿದರೆ ಮಾತ್ರ ಎತ್ತರದ ಬದುವಿನ ಮೇಲೆ ಮೊಣಕಾಲೆತ್ತರಕ್ಕೆ ಒಟ್ಟಿ ತಾಡಪತ್ರಿ ಹೊದಿಸಿ, ಎರಡೂ ತುದಿ ಗಾಳಿಗೆ ತೆರೆದಿರಲಿ. ಬಿಸಿಲು ಬಿದ್ದ ಕೂಡಲೆ ಮತ್ತೆ ಹರವಿ.

ರಾಶಿ ಮಷಿನ್‌ನವರ ಮಾತು ಸುಳ್ಳಲ್ಲ. ಹಸಿ ಕಾಂಡದ ನಾರು ಸೀಳದೆ ಡ್ರಮ್ಮಿಗೆ ಸುತ್ತಿಕೊಳ್ಳುತ್ತದೆ, ಅದರ ರಸ ಕಾಳಿಗೆ ಹಸಿರು ಕಲೆ ಹಚ್ಚುತ್ತದೆ, ಡೀಸೆಲ್ ಹೆಚ್ಚು ಸುಡುತ್ತದೆ. ಮೂರು ನಾಲ್ಕು ದಿನದ ಬಿಸಿಲಿನ ನಂತರ, ಮಧ್ಯಾಹ್ನ ಹೊತ್ತಿಗೆ, ಕಂತೆ ಕಂತೆಯಾಗಿ ತುರುಕದೆ ತೆಳುವಾಗಿ ಕೊಡುತ್ತ ಹೋದರೆ ನಡೆಯುತ್ತದೆ. ಸಿಕ್ಕಿಕೊಂಡರೆ ಮಷಿನ್ ಪೂರ್ತಿ ನಿಲ್ಲಿಸಿಯೇ ಕೈ ಹಾಕಿ. ಬೀಜಕ್ಕೆ ಇಡುವ ಭಾಗವನ್ನು ಮೊದಲು, ಡ್ರಮ್ಮಿನ ವೇಗ ನಿಮಿಷಕ್ಕೆ 350ರಿಂದ 400 ಸುತ್ತಿಗೆ ಇಳಿಸಿ ಮಾಡಿಸಿ. ಸೋಯಾ ಕಾಳಿನ ಸಿಪ್ಪೆ ತೆಳು, ಮೊಳಕೆ ಅದರ ಅಡಿಯಲ್ಲೇ ಇರುತ್ತದೆ. ವೇಗ ಹೆಚ್ಚಾದರೆ ನೋಡಲು ಚೆನ್ನಾಗಿದ್ದೂ ಮೊಳೆಯದ ಕಾಳು ಆಗುತ್ತದೆ.

ರಾಶಿಯಾದ ಮೇಲೆ ಹಸಿರು ಕಡ್ಡಿ, ಎಲೆ ತುಣುಕನ್ನು ಜರಡಿಯಲ್ಲಿ ತೆಗೆದುಬಿಡಿ. ಚೀಲದೊಳಗೆ ತೇವ ಏರಿಸುವುದು ಅವೇ. ಕಾಳನ್ನು ತಾಡಪತ್ರಿಯ ಮೇಲೆ ಎರಡು ಬೆರಳು ದಪ್ಪಕ್ಕೆ ಹರವಿ ಎರಡು ದಿನ ಒಣಗಿಸಿ. ತೇವ ನೋಡುವ ಯಂತ್ರ ಇಲ್ಲದಿದ್ದರೆ ಒಣ ಗಾಜಿನ ಬಾಟಲಿಯಲ್ಲಿ ಒಂದು ಹಿಡಿ ಕಾಳು, ಒಂದು ಚಮಚ ಒಣ ಉಪ್ಪು ಹಾಕಿ ಚೆನ್ನಾಗಿ ಅಲ್ಲಾಡಿಸಿ ಹತ್ತು ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವ ಇನ್ನೂ ಶೇ. 15ರ ಮೇಲಿದೆ. ಬೆಂಬಲ ಬೆಲೆಯ ಖರೀದಿಗೆ ಸಾಮಾನ್ಯವಾಗಿ ಶೇ. 12 ತೇವದ ಮಿತಿ ಇದೆ. 2025-26ಕ್ಕೆ ಆ ಬೆಲೆ ಕ್ವಿಂಟಲಿಗೆ 5,328 ರೂಪಾಯಿ ಇತ್ತು. ಸೋಲಾಪುರಕ್ಕೋ ಲಾತೂರಿಗೋ ಗಾಡಿ ಕಟ್ಟುವ ಮೊದಲು ಇನ್ನೊಂದು ದಿನ ಬಿಸಿಲಿಗೆ ಹಾಕಿದರೆ ನಷ್ಟವಿಲ್ಲ.

ಹುಲ್ಲು ಸುಡುವ ಔಷಧದ ಬಗ್ಗೆ ಸ್ಪಷ್ಟವಾಗಿ ಹೇಳುತ್ತೇನೆ. ನೀವು ಕೇಳಿದ್ದು ಪ್ಯಾರಾಕ್ವಾಟ್ ಇರಬೇಕು. ಸೋಯಾ ಒಣಗಿಸಲು ನಮ್ಮ ದೇಶದಲ್ಲಿ ಅದಕ್ಕೆ ಅನುಮತಿ ಇಲ್ಲ. ಕೊಯ್ಲಿಗೆ ನಾಲ್ಕು ದಿನ ಇರುವಾಗ ಹೊಡೆದದ್ದು ಕಾಳಿನಲ್ಲೂ ದನ ತಿನ್ನುವ ಹೊಟ್ಟಿನಲ್ಲೂ ಉಳಿಯುತ್ತದೆ. ಹೊಡೆಯುವವರ ಹೊಟ್ಟೆಗೆ ಒಂದು ಗುಟುಕು ಹೋದರೂ ಅದಕ್ಕೆ ಮದ್ದಿಲ್ಲ. ಕೂಲಿ ಎರಡು ದಿನದ್ದು ಹೆಚ್ಚಾದರೂ ಚಿಂತೆಯಿಲ್ಲ, ಇದನ್ನು ಮನೆಗೆ ತರಬೇಡಿ.

ಬೀಜ ಎಲ್ಲಿಂದ ಇಡಬೇಕು? ಸಕಾಲಕ್ಕೆ ಒಣಗಿದ, ಕಾಯಿ ತುಂಬಿದ, ಚುಕ್ಕೆಯಿಲ್ಲದ ಭಾಗದಿಂದ ಮಾತ್ರ. ದಿಬ್ಬದ ಕಾಳೂ ಬೇಡ, ಹಸಿರು ಭಾಗದ ಕಾಳೂ ಬೇಡ. ನೇರಳೆ ಕಲೆಯಿರುವ ಕಾಳು, ಒಳಗೂ ಹಸಿರಾಗಿರುವ ಕಾಳು ಆರಿಸಿ ತೆಗೆಯಿರಿ. ಮೇ ತಿಂಗಳಲ್ಲಿ ನೂರು ಕಾಳನ್ನು ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿ ಮೊಳಕೆ ಎಣಿಸಿ. 70 ಮೊಳೆತರೆ ಎಕರೆಗೆ 26ರಿಂದ 30 ಕಿಲೋ ಸಾಕು. ಅದಕ್ಕಿಂತ ಕಡಿಮೆಯಾದರೆ ಬೀಜ ಬದಲಾಯಿಸುವುದೇ ಮೇಲು. ಬಿತ್ತುವ ಮೊದಲು ಕಿಲೋ ಬೀಜಕ್ಕೆ ಕಾರ್ಬಾಕ್ಸಿನ್ ಮತ್ತು ಥೈರಮ್ ಕೂಡಿದ ಪುಡಿ 3 ಗ್ರಾಂ, ಅದು ಆರಿದ ಮೇಲೆ ಕೊನೆಯಲ್ಲಿ ರೈಜೋಬಿಯಂ ಎಂಬ ಜೀವಾಣು ಗೊಬ್ಬರ 25 ಗ್ರಾಂ. ಇದನ್ನು ನೆರಳಿನಲ್ಲಿ ಮಾಡಿ, ಅದೇ ದಿನ ಬಿತ್ತಿ. ಸೋಯಾ ಬೀಜವನ್ನು ಕೈಯಲ್ಲಿ ಬಲವಾಗಿ ಉಜ್ಜಿದರೂ ಸಿಪ್ಪೆ ಸುಲಿಯುತ್ತದೆ, ಪಾತ್ರೆ ಅಲ್ಲಾಡಿಸಿ ಹಚ್ಚಬೇಕು.

ಮುಂದಿನ ಮುಂಗಾರಿಗೆ ಎಲ್ಲಕ್ಕಿಂತ ದೊಡ್ಡ ಕೆಲಸ ಕಾಯಿ ಉಳಿಸಿಕೊಳ್ಳುವುದು. ಬೋರಿ ನದಿಯ ದಂಡೆಯಲ್ಲೋ ಬಾವಿಯ ಕೆಳಗೋ ಹೊಲವಿದ್ದರೆ ಹೂವಿನಿಂದ ಮಿಡಿಯವರೆಗಿನ ಮೂರು ವಾರದಲ್ಲಿ ಎರೆ ಬಿರಿಯುವ ಮೊದಲೇ ಒಂದು ನೀರು ಕೊಡಿ. ಆ ಒಂದು ನೀರಿನ ಮುಂದೆ ಎರಡು ಸಲ ಹೊಡೆದ ಔಷಧ ಏನೂ ಅಲ್ಲ. ನೀರಿಲ್ಲದವರು ಅಗಲ ಮಡಿ ಮಾಡಿ ಬಿತ್ತಿ, ಎಡೆ ಹೊಡೆದು ಮೇಲ್ಮಣ್ಣು ಸಡಿಲವಾಗಿಡಿ. ಪೊಟ್ಯಾಷ್ ಕೊರತೆಯಿದ್ದರೂ ಕಾಂಡ ಹಸಿರು ಉಳಿಯುವುದುಂಟು. ಎಕರೆಗೆ ಪೊಟ್ಯಾಷ್ ಗೊಬ್ಬರ ಸುಮಾರು 27 ಕಿಲೋ ಬಿತ್ತುವಾಗಲೇ ಹಾಕಿ. ಹೂವಾದ ಮೇಲೆ ಯೂರಿಯಾ ಎರಚಬೇಡಿ, ಅದು ಎಲೆಗೆ ಹೋಗುತ್ತದೆಯೇ ಹೊರತು ಕಾಯಿಗಲ್ಲ.

ಚಿಬ್ಬು ರೋಗಕ್ಕೆ ಔಷಧ ಬೇಕಾದರೆ ಅದರ ಕಾಲ ಹೂವು ಮುಗಿದು ಮಿಡಿ ಕಾಣುವಾಗ, ಅದೂ ಮೋಡ ಮುಚ್ಚಿ ಮಳೆ ಹಿಡಿದಿದ್ದರೆ. ಟೆಬುಕೊನಝೋಲ್ 25.9 ಇ.ಸಿ. ಎಕರೆಗೆ 250 ಮಿ.ಲೀ., ಇಲ್ಲವೆ ಟೆಬುಕೊನಝೋಲ್ ಮತ್ತು ಗಂಧಕ ಕೂಡಿದ್ದು 500 ಗ್ರಾಂ, 200 ಲೀಟರ್ ನೀರಿಗೆ. 15 ಲೀಟರಿನ ಪಂಪಿಗೆ ಲೆಕ್ಕ ಹಾಕಿದರೆ ಮೊದಲನೆಯದು ಸುಮಾರು 19 ಮಿ.ಲೀ., ಎರಡನೆಯದು 38 ಗ್ರಾಂ. ನಾಲ್ಕು ಪಂಪು ನೀರಿನಲ್ಲಿ ಎಕರೆ ಮುಗಿಸಿದರೆ ಔಷಧ ಮೇಲೆಲೆಗೆ ಮಾತ್ರ ತಾಗುತ್ತದೆ. ರೋಗ ಶುರುವಾಗುವುದು ಕೆಳಗಿನ ಕಾಯಿಗಳಿಂದ. ಕೊಯ್ಲಿಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ಡಬ್ಬಿಯ ಮೇಲೆ ಬರೆದಿರುತ್ತದೆ, ಓದಿ.

ಕೊನೆಗೆ, ನೀವು ಕೇಳದಿದ್ದರೂ ಹೇಳಲೇಬೇಕಾದ ಒಂದು ವಿಷಯ. ದಿಬ್ಬದಲ್ಲಿ ಇದ್ದಿಲು ಕೊಳೆ ಖಚಿತವಾದರೆ ಅಲ್ಲಿ ಈ ಹಿಂಗಾರಿಗೆ ಜೋಳವನ್ನೂ ಕಡಲೆಯನ್ನೂ ಬಿತ್ತಬೇಡಿ. ಜೋಳದ ಕಾಂಡ ಒಳಗೆ ಕರಿಯಾಗಿ ತೆನೆ ಹೊತ್ತು ಮಲಗುವುದು, ಕಡಲೆ ಹೂವಿನಲ್ಲಿ ಒಣ ಬೇರು ಕೊಳೆತು ಸಾಯುವುದು ಇದೇ ಶಿಲೀಂಧ್ರದಿಂದ. ಸೋಯಾ, ಜೋಳ, ಸೋಯಾ, ಕಡಲೆ ಎಂದು ನಮ್ಮ ಕಡೆ ನಡೆಯುವ ಸರಣಿ ಅದಕ್ಕೆ ವರ್ಷವಿಡೀ ಊಟ ಹಾಕಿದಂತೆ. ಆ ಭಾಗದ ಗಿಡಗಳನ್ನು ಬೇರುಸಹಿತ ಕಿತ್ತು ಹೊಲದ ಹೊರಗೆ ಸುಡಿ, ಹೊಟ್ಟು ಮಾಡಿ ತಿಪ್ಪೆಗೆ ಹಾಕಬೇಡಿ. ಚೆನ್ನಾಗಿ ಕಳಿತ ಸಗಣಿ ಗೊಬ್ಬರ 100 ಕಿಲೋಗೆ 2 ಕಿಲೋ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಪುಡಿ ಕಲೆಸಿ, ನೀರು ಚಿಮುಕಿಸಿ ನೆರಳಿನಲ್ಲಿ ಒದ್ದೆ ಗೋಣಿ ಹೊದಿಸಿ ಎಂಟು ದಿನ ಇಟ್ಟು, ಮುಂದಿನ ಬಿತ್ತನೆಯ ಮೊದಲು ಎಕರೆಗೆ ಅಷ್ಟನ್ನು ಹಸಿ ಮಣ್ಣಿಗೆ ಬೆರೆಸಿ. ಆ ದಿಬ್ಬವನ್ನು ಹಿಂಗಾರಿಗೆ ಖಾಲಿ ಬಿಡಲು ಮನಸ್ಸಿಲ್ಲದಿದ್ದರೆ, ಹಸಿ ಇರುವಾಗಲೇ ಗೋಧಿ ಹಾಕಿ ನೋಡಬಹುದು.